ಆಸ್ಥಾಳ ತಾಯಿ

"ಆಸ್ಥಾಚಿ ಆಯಿ ನಾ ತುಮ್ಹಿ?"

ಸದಾಶಿವ ಪೇಠದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಆ ಹೆಂಗಸು ಕೇಳಿದಾಗ ಮನೆ ತಪ್ಪಿ ಬಂದಿದ್ದಾರೆ ಅಂದುಕೊಂಡೆ. ಆಸ್ಥಾಳ ತಾಯಿ ನೀವೇ ಅಲ್ಲವೇ ಎಂದು ಕೇಳುತ್ತಿದ್ದಾರೆ ಎನ್ನುವಷ್ಟು ಮರಾಠಿ ಪುಣೆಗೆ ಬಂದ ಎಂಟು ತಿಂಗಳಲ್ಲಿ ನನಗೆ ಬಂದಿತ್ತು. ಆ ಹೆಸರಿನವರು ಇಲ್ಲಿಲ್ಲ ಎಂದೆ. ಆಕೆಯ ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿ ನನ್ನ ತೋಳಿನ ಕೆಳಗಿಂದ ಒಳಗೆ ಇಣುಕಿ, ಅಗೋ ಅಲ್ಲೇ ಇದ್ದಾಳಲ್ಲ ಎಂದು ಕೂಗಿದಳು. ತಿರುಗಿ ನೋಡಿದೆ. ಅಲ್ಲಿ ನಿಂತಿದ್ದವಳು ನನ್ನ ಮಗಳು ಎಸ್ತೇರ್. ಒಂಬತ್ತು ವರ್ಷದ ಆ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

ಆ ಹುಡುಗಿ ಮಗಳ ಟ್ಯೂಷನ್ನಿನ ಗೆಳತಿ, ಅವರು ಬಂದದ್ದು ಅವಳ ಹುಟ್ಟುಹಬ್ಬಕ್ಕೆ ಕರೆಯಲು. ಕೈಗಿತ್ತ ಚೀಟಿಯ ಮೇಲೆ ಅಂದವಾದ ಅಕ್ಷರದಲ್ಲಿ 'ಆಸ್ಥಾ ಹೊಸಮನಿ' ಎಂದು ಬರೆದಿತ್ತು. ಇಸಿದುಕೊಂಡೆ, ನಕ್ಕೆ, ಅವರು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕಿದೆ.

"ಯಾಕ ಬೇಬಿ? ಯಾಕ ಬ್ಯಾರೆ ಹೆಸರ ಹೇಳಿದಿ?" ಮನೆಯಲ್ಲಿ ನಾವು ಅವಳನ್ನು ಬೇಬಿ ಎಂದೇ ಕರೆಯುವುದು.

ಅವಳು ಗೋಡೆ ಕೆರೆಯುತ್ತಾ ನಿಂತಳು. ಗದರಿಸಿದೆ. ಸುಳ್ಳು ಹೇಳಬಾರದು ಅಂತ ಎಷ್ಟು ಸಲ ಹೇಳೀನಿ, ದೇವರು ಕೊಟ್ಟ ಹೆಸರು ಅದು, ಎಂದೆಲ್ಲ ಒದರಿದೆ. ಆಗ ತಲೆ ಎತ್ತಿ ಹೇಳಿದಳು: "ನೀನೂ ಆಜಿಗೆ ಹೇಳಿಲ್ಲಲ್ಲ, ನಾವು ಯಾರಂತ."

ಕಪಾಳಕ್ಕೆ ಹೊಡೆದ ಹಾಗಾಯಿತು. ಆಜಿ ಎಂದರೆ ಅಜ್ಜಿ; ಕೆಳಗಿನ ಮನೆಯ ಮಾಲಕಿಯನ್ನು ಅವಳು ಕರೆಯುವುದು ಹಾಗೆ.

ನಾವು ಗದಗ-ಬೆಟಗೇರಿಯವರು. ನನ್ನ ಮುತ್ತಜ್ಜನ ಕಾಲದಿಂದ ಕ್ರೈಸ್ತರು. ನಮ್ಮ ಓಣಿಯಲ್ಲಿ ಸಂಜೆ ಪ್ರತಿ ಮನೆಯಿಂದಲೂ ಕೀರ್ತನೆ ಕೇಳುತ್ತಿತ್ತು. ಒಂದು ದಿನ ನಾವು ಹಾಡದಿದ್ದರೆ ಹಿಂದಿನ ಮನೆಯ ನೇಕಾರರ ಗಂಗವ್ವ ಮಗ್ಗ ನಿಲ್ಲಿಸಿ, "ಯಾಕ್ರಿ, ಮೈಯಾಗ ಆರಾಮಿಲ್ಲೇನು?" ಎಂದು ಕೇಳುತ್ತಿದ್ದಳು. ನಾವು ಯಾರೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದ್ದರಿಂದಲೇ ಏನೋ, ಹೇಳುವ ಧೈರ್ಯ ನನ್ನಲ್ಲಿದೆಯೇ ಇಲ್ಲವೇ ಎಂಬುದು ನನಗೇ ಗೊತ್ತಿರಲಿಲ್ಲ.

ಗಂಡ ಸುಂದರನಿಗೆ ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನನಗೆ ಪೇಠದ ಒಂದು ಚಿಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ. ಶಾಲೆಯೂ ಅಲ್ಲೇ ಹತ್ತಿರ ಎಂದು ಪೇಠದಲ್ಲೇ ಮನೆ ಹುಡುಕಿದೆವು. ನೋಡಿದ ಕಡೆಯೆಲ್ಲ ಅಡುಗೆಮನೆ ತೋರಿಸುವ ಮೊದಲು ಏನು ತಿನ್ನುತ್ತೀರಿ ಎಂದು ಕೇಳುತ್ತಿದ್ದರು. ಹೇಳಿದೆವು. ಮನೆ ಸಿಗಲಿಲ್ಲ. ಕೊನೆಗೆ ಏಜೆಂಟ ಹೇಳಿದ: "ಈ ಮನೆಯಲ್ಲಿ ಸುಮ್ಮನಿರಿ ಅಕ್ಕಾ, ಉಳಿದದ್ದು ನಾನು ನೋಡ್ಕೋತೀನಿ."

ಮಾಲೀಕರು ಕೆಳಗಿನ ಮನೆಯ ವಯಸ್ಸಾದ ದಂಪತಿ. ಇಲ್ಲಿ ಹಿರಿಯ ಹೆಂಗಸರನ್ನು ಕಾಕು ಎನ್ನುತ್ತಾರೆ, ಚಿಕ್ಕಮ್ಮ ಎಂದ ಹಾಗೆ. ಗಂಡಸರು ಕಾಕಾ. ಹೊಸಮನಿ ಎಂಬ ಅಡ್ಡಹೆಸರು ಕೇಳಿ ಕಾಕು, "ಕಾನಡಿ ಲಿಂಗಾಯತ ಕಾ?" ಎಂದರು, ಕನ್ನಡದ ಲಿಂಗಾಯತರಾ ಎಂದು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಎನ್ನಲಿಲ್ಲ. ನಕ್ಕೆ. ಮಗಳು ನನ್ನ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

ಮಾರನೇ ದಿನವೇ ಒಂದು ಟಿಕಳಿ ಚೀಟಿ ತಂದು ಹಣೆಗೆ ಅಂಟಿಸಿಕೊಂಡೆ. ಸಂಜೆಯ ಪ್ರಾರ್ಥನೆಗೆ ಕಿಟಕಿ ಮುಚ್ಚತೊಡಗಿದೆ. ಮೂರು ಸಲ ತತ್ತಿ ತಂದೆ, ಪಾಲಕ್ ಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡು. ಬೈಬಲಿನಲ್ಲಿ ಬೆಂಕಿಯ ಮುಂದೆ ಕೂತು, ಹೆದರಿ, ತನ್ನ ಗುರುವನ್ನೇ ಅರಿಯೆ ಎಂದ ಶಿಷ್ಯನ ಪಾಠವನ್ನು ಬೆಟಗೇರಿಯ ಸಂಡೇಸ್ಕೂಲಿನಲ್ಲಿ ವರ್ಷಗಟ್ಟಲೆ ಕಲಿಸಿದವಳು ನಾನು. ನಾನು ಮಾಡುತ್ತಿರುವುದೂ ಅದೇ ಎಂದು ಒಮ್ಮೆಯೂ ಹೊಳೆಯಲಿಲ್ಲ. ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ ಎಂಬ ಸಮಾಧಾನ ಒಂದಿತ್ತು.

ಕಾಕು ಒಳ್ಳೆಯವರು ಎಂಬುದೇ ದೊಡ್ಡ ತೊಡಕಾಯಿತು. ನನ್ನ ಕೆಲಸ ಮುಗಿಯುವುದು ಸಂಜೆ ನಾಲ್ಕಕ್ಕೆ, ಮಗಳ ಶಾಲೆ ಮಧ್ಯಾಹ್ನ ಒಂದಕ್ಕೇ. ಆ ಮೂರು ತಾಸು ಅವಳು ಕಾಕು ಮನೆಯಲ್ಲೇ. ಒಂದರಿಂದ ನಾಲ್ಕರವರೆಗೆ ಬಾಗಿಲು ತಟ್ಟಿದರೆ ಪೋಸ್ಟಿನವನನ್ನೂ ಬೈಯುವ ಕಾಕು ನನ್ನ ಮಗಳಿಗೆ ವರಣ-ಭಾತ, ಅಂದರೆ ಬೇಳೆಯ ತೊವ್ವೆ ಅನ್ನ ಕಲಸಿ ಉಣಿಸಿ, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಅವಳಿಗೆ ಚಿಮಣಿ ಎಂದು ಹೆಸರಿಟ್ಟಿದ್ದರು. ಗುಬ್ಬಚ್ಚಿ ಎಂದರ್ಥ. ಮರಾಠಿ ಕಲಿಯಲೆಂದು ಹಿಂದಿನ ಗಲ್ಲಿಯ ಟ್ಯೂಷನ್ನಿಗೆ ಸೇರಿಸಿದವರೂ ಅವರೇ. ಹೆಸರು ಬರೆಸುವಾಗ ನಿಜವಾದ ಹೆಸರೇನು ಎಂದು ಕೇಳಿದರಂತೆ. ಇವಳು ಆಸ್ಥಾ ಎಂದಳಂತೆ.

"ಎಸ್ತೇರ್ ಅಂದ್ರ ಗೊತ್ತಾಗ್ತಿತ್ತಲ್ಲ," ಎಂದಳು ಮಗಳು ಈಗ, ಬಿಕ್ಕುತ್ತಾ. "ಮನಿ ಬಿಡಿಸ್ತಿದ್ರು. ನಿನಗೇ ತ್ರಾಸ ಆಗ್ತಿತ್ತು."

ನನ್ನನ್ನು ಕಾಪಾಡಲು ನನ್ನ ಮಗು ತನ್ನ ಹೆಸರನ್ನೇ ಬಿಟ್ಟುಕೊಟ್ಟಿತ್ತು.

ಸುಂದರ ಮನೆಗೆ ಬಂದ ಮೇಲೆ ನಡೆದದ್ದನ್ನು ಹೇಳಿ, "ನಾಳೆ ಕಾಕುಗೆ ಎಲ್ಲಾ ಹೇಳ್ತೀನ್ರಿ," ಎಂದೆ.

ಆತ ಬೂಟು ಬಿಚ್ಚುತ್ತಿದ್ದವನು ಹಾಗೇ ಕೂತ. "ಹನ್ನೊಂದ ತಿಂಗಳ ಕರಾರು, ಇನ್ನ ಮೂರ ತಿಂಗಳ ಉಳದೈತಿ. ಪರೀಕ್ಷಾ ಮುಗೀಲಿ, ಮನಿ ಬಿಡೂ ಮುಂದ ಹೇಳಿದ್ರಾತು ಬಿಡ."

"ಹೋಗೂ ಮುಂದ ಹೇಳಿದ್ರ ಅದು ಹೇಳಿದಂಗ ಆಗೂದಿಲ್ರಿ."

"ಹುಡಿಗೀನ ಮಧ್ಯಾಹ್ನ ಎಲ್ಲಿ ಬಿಡ್ತಿ?"

ನಾನು ಊಟಕ್ಕೆ ಬಡಿಸಿದೆ. ಆತ ಸಿಟ್ಟಾಗಲಿಲ್ಲ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದ.

ಭಾನುವಾರ ಆರಾಧನೆ ಮುಗಿಸಿ ಬಂದವಳು ಮಹಡಿ ಹತ್ತಲೇ ಇಲ್ಲ. ಟಿಕಳಿ ತೆಗೆದು, ಮಗಳ ಕೈ ಹಿಡಿದು ಕಾಕು ಮನೆಗೆ ಹೋದೆ. ಕಾಕು ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಕಾಕಾ ಕುರ್ಚಿಯಲ್ಲಿ ಪೇಪರಿನ ಉಳಿದ ಹಾಳೆ ಓದುತ್ತಿದ್ದರು.

"ಕಾಕು, ಆಮ್ಹಿ ಲಿಂಗಾಯತ ನಾಹಿ. ಖ್ರಿಸ್ತಿ ಆಹೋತ." ನಾವು ಲಿಂಗಾಯತರಲ್ಲ, ಕ್ರೈಸ್ತರು: ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯ. ಮುಂದಿನದು ಮರಾಠಿ, ಹಿಂದಿ, ಕನ್ನಡ ಎಲ್ಲ ಕಲಸಿ ಬಂತು. ಸುಮ್ಮನಿದ್ದದ್ದು, ಕಿಟಕಿ ಮುಚ್ಚಿದ್ದು, ತತ್ತಿ, ಮಗಳ ಹೆಸರು.

ಕಾಕು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು. ತತ್ತಿಯ ಬಗ್ಗೆ ಕೂಗಾಡುತ್ತಾರೆ ಎಂದು ಮೈ ಬಿಗಿಹಿಡಿದು ಕೂತಿದ್ದೆ. ಅವರು ಕೇಳಿದ್ದು ಬೇರೆಯೇ.

"ಸಂಕ್ರಾಂತಿಗೆ ನಿನ್ನ ಹಣೆಗೆ ನಾನು ಕುಂಕುಮ ಹಚ್ಚಿದೆ. ಮೇಲೆ ಹೋಗಿ ಒರೆಸಿಕೊಂಡೆಯಾ?"

ಇಲ್ಲಿ ಸಂಕ್ರಾಂತಿಯ ದಿನಗಳಲ್ಲಿ ಮುತ್ತೈದೆಯರನ್ನು ಕರೆದು ಅರಿಸಿನ ಕುಂಕುಮ ಕೊಟ್ಟು ಒಂದು ಉಡುಗೊರೆ ಕೊಡುತ್ತಾರೆ. ನನಗೆ ಸ್ಟೀಲಿನ ಬಟ್ಟಲು ಕೊಟ್ಟಿದ್ದರು. ಮೇಲೆ ಹೋಗುವವರೆಗೂ ನನಗೆ ತಡೆದುಕೊಳ್ಳಲು ಆಗಿರಲಿಲ್ಲ. ಮೆಟ್ಟಿಲ ಮೇಲೇ ಸೆರಗಿನಿಂದ ಒರೆಸಿಕೊಂಡಿದ್ದೆ.

"ಹೌದು ಕಾಕು."

ಅವರ ಮುಖ ಕೆಂಪಾಯಿತು. "ಹೇಳಿದ್ದರೆ ಬಟ್ಟಲು ಅಷ್ಟೇ ಕೊಟ್ಟು ಕಳಿಸುತ್ತಿದ್ದೆ. ಬೇಡದವಳ ಹಣೆಗೆ ನನ್ನ ಕೈಯಿಂದ ಹಚ್ಚಿಸಿದೆಯಲ್ಲ ನೀನು. ಅಷ್ಟು ಕೆಟ್ಟವಳು ಅಂದುಕೊಂಡೆಯಾ ನನ್ನನ್ನು?"

ನನಗೂ ಅಷ್ಟು ದಿನದ್ದೆಲ್ಲ ಉಕ್ಕಿ ಬಂತು. "ಮೊದಲೇ ಹೇಳಿದ್ದರೆ ಮನೆ ಕೊಡ್ತಿದ್ರಾ?"

ಕಾಕು ಒಂದು ಕ್ಷಣವೂ ಯೋಚಿಸಲಿಲ್ಲ. "ನಾಹಿ," ಎಂದರು. ಇಲ್ಲ, ಅಷ್ಟೇ. ಬೆಟಗೇರಿಯಲ್ಲಾಗಿದ್ದರೆ ಯಾರಾದರೂ 'ಹಂಗೇನಿಲ್ಲವಾ' ಎಂದು ಮಾತು ಹೊದಿಸುತ್ತಿದ್ದರು. ಇಲ್ಲಿಯವರು ಹೊದಿಸುವುದಿಲ್ಲ. ಆ ಬೆತ್ತಲೆ 'ಇಲ್ಲ' ಕೇಳಿ ನನಗೆ ಎದೆ ಒಡೆದಂತಾಯಿತು. ಜೊತೆಗೆ, ಆಕೆ ನನಗಿಂತ ಪ್ರಾಮಾಣಿಕಳು ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ.

ಕಾಕು ನನ್ನ ಮಗಳ ಕಡೆ ತಿರುಗಿದರು. "ತುಝಂ ನಾವ ಕಾಯ?" ನಿನ್ನ ಹೆಸರೇನು?

"ಎಸ್ತೇರ್," ಎಂದಳು. ಇಡೀ ಕೋಣೆಗೆ ಕೇಳುವ ಹಾಗೆ.

ಕಾಕಾ ಪೇಪರು ಕೆಳಗಿಳಿಸಿ ಮಾತಾಡಿದ್ದು ಆಗ: ಕರಾರು ಇರುವವರೆಗೆ ಇರಿ, ಮೇ ತಿಂಗಳಲ್ಲಿ ಮನೆ ಖಾಲಿ ಮಾಡಿ. ಕಾಕು ಎದುರು ಹೇಳಲಿಲ್ಲ. ನಾವು ಹೊಸ್ತಿಲು ದಾಟುವಾಗ ಸೊಪ್ಪಿನ ಕಡೆ ನೋಡುತ್ತಲೇ, ಮಗು ಮಧ್ಯಾಹ್ನ ಊಟಕ್ಕೆ ಬರಲಿ, ಹಸಿದುಕೊಂಡು ಇರುವುದು ಬೇಡ ಎಂದರು.

ಹಾಗೇ ನಡೆಯಿತು. ಮೇ ತಿಂಗಳವರೆಗೆ ನನ್ನ ಮಗಳು ಕಾಕು ಕೈಯಿಂದಲೇ ಉಂಡಳು. ನನ್ನೊಡನೆ ಮಾತ್ರ ಕಾಕು ನೀರಿನ ಮೋಟಾರಿನ ಹೊತ್ತು ಬಿಟ್ಟು ಬೇರೆ ಮಾತಾಡಲಿಲ್ಲ. ಟ್ಯೂಷನ್ನಿನಲ್ಲಿ ಎಸ್ತೇರ್ ತಾನೇ ಎದ್ದು ನಿಂತು ಹೆಸರು ತಿದ್ದಿಸಿದಳು. ಇಬ್ಬರು ನಕ್ಕರಂತೆ. ಹುಟ್ಟುಹಬ್ಬಕ್ಕೆ ಹೋಗಿ ಕೇಕು ಎರಡು ಸಲ ಹಾಕಿಸಿಕೊಂಡು ಬಂದಳು.

ಈಗ ನಾವು ಚಾಕಣದಲ್ಲಿದ್ದೇವೆ. ಪಕ್ಕದಲ್ಲಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. "ಬರ್ರಿ ಅಕ್ಕಾರ, ರೊಟ್ಟಿ ಬಿಸಿ ಅದಾವ," ಎಂಬ ಕನ್ನಡ ಗೋಡೆಯಾಚೆಯಿಂದ ಕೇಳುತ್ತದೆ. ಯಾರೂ ಏನೂ ಕೇಳುವುದಿಲ್ಲ. ನಾನು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಓ ಎನ್ನುತ್ತಾರೆ, ಒಬ್ಬಾಕೆ ಅಂದಿನಿಂದ ಸಕ್ಕರೆ ಕೇಳಲು ಬರುವುದನ್ನು ಬಿಟ್ಟಳು. ಕೆಲಸಕ್ಕೆ ಎರಡು ಬಸ್ಸು ಬದಲಾಯಿಸಿ ಪೇಠಕ್ಕೆ ಹೋಗುವಾಗ ಆ ಹಳೆಯ ಗಲ್ಲಿಯ ಬಾಯಿಯಲ್ಲಿ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಒಳಗೆ ಹೋಗಿಲ್ಲ. ರಜೆಗೆ ಬೆಟಗೇರಿಗೆ ಹೋದಾಗ ನಮ್ಮ ತಾಯಿ, "ಪುಣೆದವ್ರು ಬಂದ್ರು ನೋಡ್ರಿ," ಎಂದು ಓಣಿಗೆಲ್ಲ ಸಾರಿದಳು. ಪುಣೆಯ ಚರ್ಚಿನ ಸಭೆಯಲ್ಲಿ ನಾವು ಕಾನಡಿಯವರು. ಮಗಳಿಗೆ ಮಾತ್ರ ಈ ಎರಡೂ ಹೆಸರು ಮೈಗೆ ಹತ್ತುವುದಿಲ್ಲ.

ಮೊನ್ನೆ ಸಂಜೆ ಊಟದ ಮುಂಚಿನ ಪ್ರಾರ್ಥನೆ ಅವಳ ಪಾಳಿ. ಇತ್ತೀಚೆಗೆ ಮರಾಠಿಯಲ್ಲೇ ಮಾಡುತ್ತಾಳೆ. ನನ್ನ ಮಗಳು ದೇವರೊಡನೆ ಆಡುವ ಮಾತಿನಲ್ಲಿ ಅರ್ಧ ನನಗೆ ತಿಳಿಯುವುದಿಲ್ಲ. ಆದರೆ ಇದು ತಿಳಿಯಿತು: "ದೇವಾ, ಆಜೀಲಾ ಚಾಂಗಲೇ ಭಾಡೇಕರೂ ದೇ. ಖರಂ ಬೋಲಣಾರೇ." ದೇವರೇ, ಅಜ್ಜಿಗೆ ಒಳ್ಳೆಯ ಬಾಡಿಗೆದಾರರನ್ನು ಕೊಡು, ನಿಜ ಹೇಳುವಂಥವರನ್ನು.

ಸುಂದರ ತುಟಿ ಕಚ್ಚಿ ನಗು ತಡೆದ. ನನಗೆ ನಗು ಬರಲಿಲ್ಲ. ಮನೆ ಬಿಡಿಸಿದವರಿಗಾಗಿ ಅವಳು ಬೇಡುತ್ತಿದ್ದಳು. ನಾನು ಇಷ್ಟು ತಿಂಗಳಲ್ಲಿ ಒಮ್ಮೆಯೂ ಅದನ್ನು ಮಾಡಿರಲಿಲ್ಲ. ಮಾಡಬೇಕೆಂದು ಅವಳಿಗೆ ಕಲಿಸಿದವಳು ನಾನೇ. ಕಣ್ಣು ಮುಚ್ಚಿಕೊಂಡೇ ಕೂತೆ. ಕಾಕು ಅಂದ ಆ 'ನಾಹಿ' ಇನ್ನೂ ಎಲ್ಲೋ ಒಳಗೆ ಚುಚ್ಚುತ್ತಿತ್ತು.

"ಅವ್ವಾ, ಆಮೆನ್ ಅನ್ನ," ಎಂದಳು ಎಸ್ತೇರ್. "ಸಾರು ಆರಾಕತ್ತೇತಿ."

ಸಾರು ಆರುತ್ತಲೇ ಇತ್ತು. ನಾನು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡೆ. ಆಮೇಲೆ ಅಂದೆ.