ಸತ್ತ ಹೀರೋಗೆ ಆಯೇರಿ

ಕೊಟ್ಟೂರಿನ ಟೇಲರ್ ಶಹಜಾನಬಿಯ ಬಲಗಾಲು ಮಧ್ಯಾಹ್ನದಿಂದ ಬರೀ ನೆಲದ ಮೇಲೇ ಹೊಲಿಗೆ ಮಿಷಿನ್ ತುಳಿದಂತೆ ಕುಣಿಯುತ್ತಿತ್ತು. ಇಪ್ಪತ್ತು ವರ್ಷ ಊರೂರಿನ ನಾಟಕಗಳಿಗೆ ರಾಜನ ನಿಲುವಂಗಿ, ರಾಣಿಯ ಲಂಗ ಹೊಲಿದುಕೊಟ್ಟವಳು. ಒಂದನ್ನೂ ಪೂರ್ತಿ ಕೂತು ನೋಡಿದವಳಲ್ಲ. ಇವತ್ತು ಕಾಲೇಜಿನ ಬಯಲಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಎರಡು ಮನೆತನಗಳ ಹಗೆಯ ನಡುವೆ ಪ್ರೀತಿಸಿ ಸಾಯುವ ಜೋಡಿಯ ಹಳೇ ಕಥೆ. ನಾಯಕಿ ಅವಳ ಮಗಳು ತಮನ್ನಾ. ನಾಯಕ ತಂಬ್ರಹಳ್ಳಿಯ ಪ್ರಬುದ್ಧ, ಬೌದ್ಧರ ಮನೆಯ ಹುಡುಗ.

ಗಂಡ ಅಸದುಲ್ಲಾ, ಬೈಕ್ ರಿಪೇರಿಯವನು, ಬೆಳಿಗ್ಗೆಯೇ ಮಗಳಿಗೆ ಹೇಳಿದ್ದ: "ಅವನ ಮೈ ಸೋಕಿದ್ರ ಸ್ಟೇಜಿನಿಂದನ ಎಳಕೊಂಡು ಬರ್ತೀನಿ. ಕಾಲೇಜೂ ಇವತ್ತಿಗೇ ಬಂದ್." ಅದಕ್ಕೇ ನಾಟಕ ಕಲಿಸಿದ ರೇಖಾ ಮೇಡಂ, ಇಬ್ಬರ ನಡುವೆ ಒಂದು ಮೊಳ ಬಿಟ್ಟು ಸಾಯುವುದನ್ನು ಹತ್ತು ಸಲ ಮಾಡಿಸಿದ್ದರು.

ಕೊನೆಯ ದೃಶ್ಯ. ಪ್ರಬುದ್ಧ ವಿಷ ಕುಡಿದು ಬಿದ್ದ. ತಮನ್ನಾ ಬೀಳುವಾಗ ಅಂದಾಜು ತಪ್ಪಿತು. ತಲೆ ಹೋಗಿ ಅವನ ತೋಳಿನ ಮೇಲೆ. ಸರಿದುಕೊಳ್ಳುವಂತಿಲ್ಲ, ಸತ್ತಿದ್ದಾಳಲ್ಲ!

ಹಿಂದಿನಿಂದ ಯಾರೋ ಕೂಗಿದರು: "ಅಸದುಲ್ಲಾ, ಅಳಿಯ ಚೊಲೋ ಅದಾನ ಬಿಡಪಾ!"

ಹಿಂದೆ ನಿಂತಿದ್ದ ಗಂಡ ಗುಂಪು ಸೀಳಿಕೊಂಡು ಮೆಟ್ಟಿಲ ಕಡೆಗೇ ಬರುತ್ತಿದ್ದ. ಶಹಜಾನಬಿ ಸೂಜಿದಾರದ ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಅವನದೇ ಅಂಗಿಗೆಂದು ತಂದಿದ್ದ ನೀಲಿ ಬಟ್ಟೆ. ಅದನ್ನೇ ಹಿಡಿದು ಸ್ಟೇಜ್ ಹತ್ತಿಬಿಟ್ಟಳು. "ಹೀರೋಗ ನಮ್ಮದೊಂದು ಆಯೇರಿ!"

ಆಯೇರಿ ಅಂದರೆ ಈ ಕಡೆ ಎಂಥ ನಾಟಕವೂ ನಿಲ್ಲಬೇಕು. ಪಾರ್ಟು ಮೆಚ್ಚಿದವರು ಉಡುಗೊರೆ ತಂದರೆ ಸತ್ತವನೂ ಎದ್ದು, ಕೈಮುಗಿದು ತಗೊಂಡು, ಮತ್ತೆ ಸಾಯಬೇಕು. ಪ್ರಬುದ್ಧ ತೋಳು ಬಿಡಿಸಿಕೊಂಡು ಎದ್ದ. ತಮನ್ನಾ ಅದೇ ಸಂದಿನಲ್ಲಿ ದೂರ ಹೊರಳಿದಳು. ಜನ ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ಅಸದುಲ್ಲಾ ಮೇಲೆ ಬಂದೇ ಬಿಟ್ಟಿದ್ದ. ಮೈಕ್ ಹಿಡಿದ ಬೆನಕಪ್ಪ, ಗಂಡಹೆಂಡತಿ ಕೂಡಿಯೇ ಬಂದಾರೆಂದು ತಿಳಿದ. "ಅಸದುಲ್ಲಾ ಮೇಸ್ತ್ರಿ ದಂಪತಿಗಳಿಂದ ಪ್ರೀತಿಯ ಆಯೇರಿ! ಬರ್ರಿ ಮೇಸ್ತ್ರಿ, ನೀವೂ ಕೈ ಹಚ್ರಿ."

ಇಡೀ ಬಯಲು ನೋಡುತ್ತಿತ್ತು. ಗ್ರೀಸ್ ಹತ್ತಿದ ಕೈ ನಿಧಾನ ಬಟ್ಟೆಯ ಅಂಚು ಹಿಡಿಯಿತು.

"ಇದು ನನ್ನ ಅಂಗೀದಲ್ಲನ?" ಹಲ್ಲು ಕಚ್ಚಿ ಕೇಳಿದ.

"ಹೂಂ. ಆಯೇರಿ ಕೊಟ್ಟ ಕೈಲೇನ ಈಗ ಮಗಳನ್ನ ಎಳೀರಿ ನೋಡೂಣು."

ಅವನು ಎಳೆಯಲಿಲ್ಲ. ಹೆಂಡತಿಯ ಹಿಂದೆಯೇ ಇಳಿದುಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಪ್ರಬುದ್ಧ ನೀಲಿ ಬಟ್ಟೆ ಎದೆಗೆ ಅವಚಿಕೊಂಡು, ಈ ಸಲ ಎರಡು ಮೊಳ ದೂರ, ಮತ್ತೆ ಸತ್ತ.

"ಮುಗೀಲಿ ಇದು. ಮನ್ಯಾಗ ಐತಿ ನಿನಗ," ಅಂದ ಅಸದುಲ್ಲಾ. ಕಾಲೇಜಿನ ಮಾತು ಎತ್ತಲಿಲ್ಲ.

ಶಹಜಾನಬಿ ಅದನ್ನು ಗಮನಿಸಿದಳು. ಆದರೂ ಪರದೆ ಬೀಳುವ ತನಕ ಅವಳ ಬಲಗಾಲು ನಿಲ್ಲಲಿಲ್ಲ.