ಎಲ್ಲಾ ಸಾಹೇಬ್ರೇ ನೋಡ್ಕಂತಾರೆ

ನಮ್ಮ ಸಹಕಾರ ಸಂಸ್ಥೆಯ ಅಷ್ಟೂ ಕೆಲಸವನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಸಾಫ್ಟ್‌ವೇರ್ ಒಂದನ್ನು ನೋಡಿ, ಹೋಲಿಸಿ, ಆರಿಸಿಕೊಡಬೇಕೆಂದು ನನಗೆ ಹೇಳಿದ ದಿನ ನಾನು ಮನೆಗೆ ಸ್ವೀಟು ಕಟ್ಟಿಸಿಕೊಂಡು ಹೋಗಿದ್ದೆ. ಈಗ ಅದು ನೆನಪಾದರೆ ನನ್ನ ಮೇಲೆ ನನಗೇ ಕನಿಕರ ಬರುತ್ತದೆ. ಕಂಪ್ಯೂಟರ್ ವಿಭಾಗದವಳು ಎಂದರೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವವಳು ಎಂದೇ ಕಚೇರಿಯಲ್ಲಿ ಎಲ್ಲರೂ ತಿಳಿದಿದ್ದರು. ಮೊದಲ ಸಲ ಯಾರೋ ನನ್ನ ತಲೆಗೆ ಕೆಲಸ ಕೊಟ್ಟಿದ್ದರು.

ಸಂಸ್ಥೆಯ ಮುಖ್ಯ ಕಚೇರಿ ಚಿತ್ರದುರ್ಗದಲ್ಲಿ, ನಮ್ಮ ಬಾಯಲ್ಲಿ ಬರೀ ದುರ್ಗ. ಠೇವಣಿ, ಸಾಲ ಎಲ್ಲ ಇಲ್ಲೇ. ಹಿರಿಯೂರಿನಲ್ಲಿ ಗೊಬ್ಬರ, ಬೀಜದ ಅಂಗಡಿ. ಹೊಸದುರ್ಗದಲ್ಲಿ ಕೊಬ್ಬರಿ ಗೋದಾಮು. ಹೊಳಲ್ಕೆರೆಯಲ್ಲಿ ಮೆಕ್ಕೆಜೋಳದ ಖರೀದಿ. ಒಂದೊಂದು ಕಡೆಗೆ ಒಂದೊಂದು ಸಾಫ್ಟ್‌ವೇರು, ಆಯಾ ಕಾಲದ ಅಧ್ಯಕ್ಷರಿಗೆ ಪರಿಚಯವಿದ್ದವರಿಂದ ಕೊಂಡದ್ದು. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದು ಇನ್ನೊಂದರ ಮುಖ ನೋಡುತ್ತಿರಲಿಲ್ಲ. ಯಾವ ಕೆಲಸ ಯಾರಿಂದ, ಯಾವ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ, ಅಲ್ಲಿಂದ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದು ಪೂರ್ತಿಯಾಗಿ ಯಾರಿಗೂ ಗೊತ್ತಿರಲಿಲ್ಲ.

ಇದನ್ನೆಲ್ಲ ಬರೆದಿಡುವ ವಿದ್ಯೆಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಮಾಡೆಲಿಂಗ್ ಎಂದು ಹೆಸರು. ಒಂದೇ ಉಸಿರಿಗೆ ಹೇಳಲು ಬಾರದ್ದರಿಂದ ನಾವು ‘ನಕ್ಷೆ’ ಎಂದೆವು. ಪ್ರತಿ ಕೆಲಸಕ್ಕೆ ಒಂದು ಚೌಕ, ಅದನ್ನು ಮಾಡುವವರಿಗೆ ಒಂದು ಚೌಕ, ಬಳಸುವ ಸಾಫ್ಟ್‌ವೇರಿಗೆ ಒಂದು ಚೌಕ. ಯಾವುದು ಯಾವುದನ್ನು ನೆಚ್ಚಿಕೊಂಡಿದೆಯೋ ಅವುಗಳ ನಡುವೆ ಗೆರೆ. ಒಂದು ಚೌಕವನ್ನು ತೆಗೆದರೆ ಏನೇನು ನಿಂತುಹೋಗುತ್ತದೆ ಎಂಬುದು ಪರದೆಯ ಮೇಲೆ ಕೆಂಪಾಗಿ ಕಾಣಬೇಕು. ಆಡಳಿತ ಮಂಡಳಿಯವರಿಗೆ ಹಿಡಿಸಿದ್ದು ಈ ಕೆಂಪು. ಹಂಗಾಮಿ ನೌಕರರಲ್ಲಿ ಯಾರನ್ನು ಖಾಯಂ ಮಾಡುವುದು, ಯಾರನ್ನು ಕೈಬಿಡುವುದು ಎಂಬುದನ್ನು ಇನ್ನು ನಕ್ಷೆ ನೋಡಿಯೇ ತೀರ್ಮಾನಿಸುತ್ತೇವೆ ಎಂದು ಅವರು ಠರಾವು ಮಾಡಿದರು.

ನಾನು ಖುಷಿಪಟ್ಟದ್ದು ಇದಕ್ಕೇ. ಹೊಳಲ್ಕೆರೆ ಶಾಖೆಯಲ್ಲಿ ಒಬ್ಬಳು ಹಂಗಾಮಿ ಗುಮಾಸ್ತೆ ಇದ್ದಳು, ತಾಳ್ಯದಿಂದ ದಿನವೂ ಬಸ್ಸಿನಲ್ಲಿ ಬರುವವಳು. ಗಂಡನ ಗ್ಯಾರೇಜು ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದಲೇ. ಖರೀದಿಯ ಸಾಫ್ಟ್‌ವೇರಿನಲ್ಲಿ ರೈತರ ಹೆಸರು ಒಂದು ಥರ, ದುರ್ಗದ ಖಾತೆಯಲ್ಲಿ ಇನ್ನೊಂದು ಥರ ಇರುತ್ತಿತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಸೀಮೆಯಲ್ಲಿ ಒಂದೇ ಹೆಸರಿನವರು ಊರ ತುಂಬ. ಎರಡೂ ಕಡೆ ನೋಡಿ, ಅನುಮಾನ ಬಂದವರಿಗೆ ಫೋನು ಮಾಡಿ, ಯಾರ ಹಣ ಯಾರ ಖಾತೆಗೆ ಎಂದು ಹೊಂದಿಸುವವಳು ಅವಳು. ಅವಳು ರಜೆ ಹಾಕಿದ ದಿನ ಹೊಳಲ್ಕೆರೆಯ ಪಾವತಿ ಪಟ್ಟಿ ದುರ್ಗಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಅವಳ ನೇಮಕದ ಆದೇಶದಲ್ಲಿ ಇದ್ದದ್ದು ‘ಕಚೇರಿ ಸಹಾಯ’ ಎಂದಷ್ಟೇ. ಈ ಸಲ ನಕ್ಷೆಯಲ್ಲಿ ನಿನ್ನ ಕೆಲಸ ಕಂಡೇ ಕಾಣುತ್ತದೆ, ನಿನ್ನನ್ನು ಬಿಟ್ಟರೆ ಶಾಖೆಯೇ ಕೆಂಪಾಗುತ್ತದೆ, ಆಮೇಲೆ ಖಾಯಂ ಮಾಡದೆ ಎಲ್ಲಿಗೆ ಹೋಗುತ್ತಾರೆ ಎಂದು ನಾನೇ ಅವಳಿಗೆ ಫೋನಿನಲ್ಲಿ ಹೇಳಿದೆ. ಅವಳು ನಂಬಿದಳು.

ಮೂರು ಸಾಫ್ಟ್‌ವೇರುಗಳನ್ನು ಪ್ರಯೋಗಕ್ಕೆ ತರಿಸಿಕೊಂಡೆ. ಮೊದಲನೆಯದು ಪುಕ್ಕಟೆ. ಚೌಕ, ಗೆರೆ ಎಲ್ಲ ನಾನೇ ಕೂತು ಎಳೆಯಬೇಕು. ಕನ್ನಡ ಬರೆದರೆ ಪರದೆಯ ಮೇಲೆ ಸರಿಯಾಗಿರುವುದು, ವರದಿ ತೆಗೆದರೆ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಕೂರುವುವು. ಎರಡನೆಯದು ನಮ್ಮ ಸರ್ವರಿನಲ್ಲೇ ಹಾಕಿಕೊಳ್ಳುವಂಥದ್ದು, ನೆಟ್ ಹೋದರೂ ನಡೆಯುತ್ತಿತ್ತು. ಆದರೆ ಅದಕ್ಕೆ ಗೊತ್ತಿದ್ದದ್ದು ಹುದ್ದೆಗಳು ಮಾತ್ರ. ಮಂಜೂರಾದ ಹುದ್ದೆ ಇಲ್ಲದವರು ಅದರ ಕಣ್ಣಿಗೆ ಮನುಷ್ಯರೇ ಅಲ್ಲ. ಮೂರನೆಯದು ಬ್ರೌಸರಿನಲ್ಲಿ ನಡೆಯುವ ದುಬಾರಿ ಸರಕು. ಕನ್ನಡ ಚೆನ್ನಾಗಿ ಬರುತ್ತಿತ್ತು. ಪ್ರತಿಯೊಬ್ಬ ನೌಕರರ ಮೊಬೈಲಿಗೂ ಪ್ರಶ್ನೆಗಳನ್ನು ಕಳಿಸುತ್ತದೆ, ಅವರವರು ಕೊಟ್ಟ ಉತ್ತರದಿಂದ ತಾನೇ ನಕ್ಷೆ ಕಟ್ಟುತ್ತದೆ. ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದಲು ಬರುವುದಿಲ್ಲ, ನಿರ್ವಾಹಕಿಯಾದ ನನಗೂ ಬರುವುದಿಲ್ಲ.

ಮೂರನ್ನೂ ಲ್ಯಾಪ್‌ಟಾಪಿನಲ್ಲಿ ಸಿದ್ಧಮಾಡಿಕೊಂಡು ಶಾಖೆಗಳಿಗೆ ಹೋದೆ. ಹಿರಿಯೂರಿನಲ್ಲಿ ಬೆಳಿಗ್ಗೆ ಬೀಗ ತೆಗೆಯುವುದರಿಂದ ಸಂಜೆ ಲೆಕ್ಕ ಮುಗಿಸುವವರೆಗೆ ಎಲ್ಲವನ್ನೂ ಮಾಡುವ ಸೇಲ್ಸ್‌ಮನ್ನನ್ನು, ಸ್ಟಾಕು ಯಾರು ನೋಡುತ್ತಾರೆ ಎಂದು ಕೇಳಿದೆ. “ಎಲ್ಲಾ ಸಾಹೇಬ್ರೇ ನೋಡ್ಕಂತಾರೆ ಮೇಡಂ” ಎಂದ. ಸಾಹೇಬರು, ಅಂದರೆ ಶಾಖೆಯ ವ್ಯವಸ್ಥಾಪಕರು, ಒಳಗೆ ಪೇಪರು ಓದುತ್ತಿದ್ದರು. ಹೊಸದುರ್ಗದಲ್ಲಿ ಸಾಹೇಬರನ್ನೇ ಕೇಳಿದರೆ, ಎಲ್ಲ ಅಧ್ಯಕ್ಷರ ಮಾರ್ಗದರ್ಶನದಲ್ಲಿ ನಡೆಯುತ್ತದೆ ಎಂದರು. ಆ ಅಧ್ಯಕ್ಷರು ಗೋದಾಮಿನ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ. ನನಗೆ ನಗು ಬಂತು, ಆಶ್ಚರ್ಯವೇನೂ ಆಗಲಿಲ್ಲ. ಹಾಸಿಗೆ ಬಿಟ್ಟು ಏಳಲಾಗದ ಹಿರಿಯರ ಹೆಸರಿನಲ್ಲೇ ಮದುವೆಯ ಕರೆಯೋಲೆ ಅಚ್ಚು ಹಾಕಿಸುವ ಜನ ನಾವು. ನಾನು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಜಂಬ, ಅದೂ ಮೇಲಿನವರು ಕೇಳುವಂತೆ ಹೇಳಿದರೆ ಇನ್ನೂ ಕೆಟ್ಟದ್ದು. ಇದರಲ್ಲಿ ಹೆದರಿಕೆ ಎಷ್ಟು, ಮರ್ಯಾದೆ ಎಷ್ಟು ಎಂದು ಬೇರೆ ಮಾಡಲು ನನಗೆ ಇವತ್ತಿಗೂ ಬರುವುದಿಲ್ಲ.

ಸಾಹೇಬರ ಎದುರು ಕೇಳಿದರೆ ತಾನೇ ಈ ಕಷ್ಟ ಎಂದುಕೊಂಡೆ. ಅವರವರ ಮೊಬೈಲಿನಲ್ಲಿ, ಯಾರೂ ಪಕ್ಕದಲ್ಲಿಲ್ಲದಾಗ ಕೇಳಿದರೆ ಇದ್ದದ್ದನ್ನು ಬರೆಯುತ್ತಾರೆ. ಒಮ್ಮೆ ಬರೆದರೆಂದರೆ ಯಾವ ಸಾಹೇಬರಿಗೂ ಅಳಿಸಲು ಬರುವುದಿಲ್ಲ. ಹಾಗಾಗಿ ಮೂರನೆಯದಕ್ಕೆ ಅತಿ ಹೆಚ್ಚು ಅಂಕ ಕೊಟ್ಟು, ಕೆಲಸ ಮಾಡುವವರ ಮಾತೇ ಇದರಲ್ಲಿ ಕೊನೆಯ ಮಾತು ಎಂದು ವರದಿಯ ಮೊದಲ ಪುಟದಲ್ಲೇ ಬರೆದೆ. ಪ್ರತಿ ಉತ್ತರವೂ ಮೇಲಿನವರ ಒಪ್ಪಿಗೆಗೆ ಹೋಗುತ್ತದೆ ಎಂಬ ಒಂದು ಹಂತ ಅದರಲ್ಲಿತ್ತು. ತಿದ್ದಲಂತೂ ಬರುವುದಿಲ್ಲವಲ್ಲ, ನೋಡಿದರೆ ನೋಡಲಿ ಬಿಡು ಎಂದು ಅದನ್ನು ದಾಟಿ ಮುಂದೆ ಹೋದೆ. ಮಂಡಳಿ ಅದನ್ನೇ ಕೊಂಡಿತು.

ಉತ್ತರಗಳು ಬರತೊಡಗಿದವು. ದುರ್ಗದಲ್ಲಿ ಕೂತು ನೋಡುತ್ತಿದ್ದಂತೆ ಗೆರೆಗಳೆಲ್ಲ ಹೋಗಿ ಹೋಗಿ ಸಾಹೇಬರುಗಳ ಚೌಕಕ್ಕೇ ಅಂಟಿಕೊಳ್ಳುತ್ತಿದ್ದವು. ಹೊಳಲ್ಕೆರೆಯದು ತೆರೆದೆ. ಹೆಸರು ಹೊಂದಿಸುವ ಕೆಲಸ ಯಾರದು ಎಂಬಲ್ಲಿ ಅವಳು ವ್ಯವಸ್ಥಾಪಕರ ಹೆಸರು ಹಾಕಿದ್ದಳು. ನಿಮ್ಮ ಪಾತ್ರವೇನು ಎಂಬಲ್ಲಿ ‘ಸಹಾಯ’ ಎಂದು ಬರೆದಿದ್ದಳು.

ಆಗಲೇ ಫೋನು ಮಾಡಿ, ಯಾಕೆ ಹೀಗೆ ಹಾಕಿದೆ ಎಂದು ಕೇಳಿದೆ.

“ಅದು ಸಾಹೇಬ್ರ ಹತ್ರ ಒಪ್ಪಿಗೆಗೆ ಹೋಗ್ತೈತಲ್ಲಕ್ಕ. ಎಲ್ಲಾ ನಾನೇ ಮಾಡ್ತೀನಿ ಅಂತ ಅವರ ಕೈಗೆ ಹೆಂಗೆ ಕೊಡ್ಲಿ? ನಾಳೆ ಅವರ ಮುಖ ನೋಡ್ಬೇಕಲ್ಲ ನಾನು.”

ಹಾಗಾದರೆ ಖಾಯಂ ಆಗುವುದು ಹೇಗೆ ಎಂದು ರೇಗಿದೆ. ಬದಲಾಯಿಸುತ್ತೇನೆ ಎಂದಳು. ಅವತ್ತೇ ಬದಲಾಯಿಸಿದಳು ಕೂಡ. ಹೊಳಲ್ಕೆರೆಯ ಚೌಕಗಳ ನಡುವೆ ಅವಳ ಗೆರೆ ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಮಾರನೆಯ ದಿನ ನೋಡಿದರೆ ಮತ್ತೆ ಮೊದಲಿನ ಹಾಗೇ ಇತ್ತು. ವ್ಯವಸ್ಥಾಪಕರು ಬೈದರಾ ಎಂದು ಕೇಳಿದೆ. ಇಲ್ಲವೇ ಇಲ್ಲವಂತೆ. ಮೊಬೈಲು ನೋಡಿ, ಹಂಗೇನಮ್ಮ, ಆಯ್ತು ಬಿಡು ಎಂದರಂತೆ. ಆಮೇಲೆ ದಿನವಿಡೀ ಅವಳ ಹತ್ತಿರ ಮಾತಾಡಲಿಲ್ಲವಂತೆ, ಅವಳು ತರಿಸಿಟ್ಟ ಟೀ ಹಾಗೇ ಆರಿಹೋಯಿತಂತೆ. ಅವಳಿಗೆ ತಡೆಯಲಾಗದೆ ಮತ್ತೆ ಅವರ ಹೆಸರೇ ಹಾಕಿದಳಂತೆ. ಅವರು ಒಳ್ಳೆಯವರೇ. ಅವಳ ಮಗಳಿಗೆ ಜ್ವರ ಬಂದಾಗ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವರು. ಕೆಟ್ಟವರಾಗಿದ್ದರೆ ಬಹುಶಃ ಅವಳು ಆ ಗೆರೆಯನ್ನು ಉಳಿಸಿಕೊಳ್ಳುತ್ತಿದ್ದಳು.

ಮತ್ತೆ ಒಪ್ಪಿಸಲು ಹೋಗುವುದರೊಳಗೆ ಗಡುವು ಮುಗಿದು ಉತ್ತರಗಳಿಗೆ ಬೀಗ ಬಿತ್ತು. ಯಾರಿಗೂ ತಿದ್ದಲು ಬಾರದಂಥದ್ದನ್ನು ಹುಡುಕಿ ಹುಡುಕಿ ಆರಿಸಿದವಳು ನಾನೇ ಅಲ್ಲವೇ? ನಾನು ಮೂಗು ಮುರಿದು ಬದಿಗಿಟ್ಟ ಆ ಪುಕ್ಕಟೆ ಸಾಫ್ಟ್‌ವೇರಿನಲ್ಲಾಗಿದ್ದರೆ ಮೌಸು ಹಿಡಿದು ಅವಳ ಗೆರೆಯನ್ನು ನಾನೇ ಎಳೆದುಬಿಡಬಹುದಿತ್ತು. ಒತ್ತಕ್ಷರ ಕಳಚಿಕೊಂಡರೆ ಕಳಚಿಕೊಳ್ಳಲಿ, ಅವಳಿಗೆ ಸಂಬಳ ಬರುತ್ತಿತ್ತು. ಈ ಲೆಕ್ಕಾಚಾರವನ್ನು ಸಾವಿರ ಸಲ ಮಾಡಿ ಹೊಟ್ಟೆ ಉರಿಸಿಕೊಂಡಿದ್ದೇನೆ.

ಮಂಡಳಿಯ ಸಭೆಯ ದಿನ ನಕ್ಷೆಯನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟೆವು. ಎಲ್ಲರೂ ಕುರ್ಚಿ ಮುಂದೆಳೆದುಕೊಂಡು ನೋಡಿದರು. ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದವನು ಹೊಳಲ್ಕೆರೆಯ ವ್ಯವಸ್ಥಾಪಕರ ಚೌಕವನ್ನು ತೆಗೆದು ತೋರಿಸಿದ. ಶಾಖೆಗೆ ಶಾಖೆಯೇ ಕೆಂಪಾಯಿತು. ಭೇಷ್ ಎಂದರು. ಆಮೇಲೆ ಅವಳ ಚೌಕವನ್ನು ತೆಗೆದ. ಏನೂ ಆಗಲಿಲ್ಲ. ಅವನು ಇನ್ನೊಮ್ಮೆ ಮಾಡಿ ತೋರಿಸಿದ. ಆಗಲೂ ಏನೂ ಕೆಂಪಾಗಲಿಲ್ಲ.

ನಾನು ಎದ್ದು ನಿಂತು ಆ ಕೆಲಸ ಮಾಡುವವಳು ನಿಜವಾಗಿ ಅವಳೇ ಎಂದೆ. ಅಧ್ಯಕ್ಷರು ನನ್ನ ವರದಿಯನ್ನು ಕೈಗೆತ್ತಿಕೊಂಡರು, ಕೋಪವೇನೂ ಇರಲಿಲ್ಲ.

“ಮಾಡೋರ ಮಾತೇ ಕೊನೇ ಮಾತು ಅಂತ ನೀವೇ ಬರ್ದೀರಿ. ಆಯಮ್ಮನೇ ಸಹಾಯ ಅಂತ ಹಾಕ್ಯಾಳೆ. ಈಗ ಯಾರ ಮಾತು ನಂಬಾಣ ಹೇಳ್ರಿ?”

ಬೇಕಾದರೆ ವ್ಯವಸ್ಥಾಪಕರನ್ನೇ ಕೇಳಿ ಎಂದೆ. ಅಲ್ಲಿಂದಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಈ ಹುಡುಗಿ ಇಲ್ಲದಿದ್ದರೆ ನಿಮಗೆ ತೊಂದರೆಯಾಗುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. ಆಗುತ್ತದೆ ಎಂಬ ಒಂದು ಮಾತು ಸಾಕಿತ್ತು. ಆದರೆ ಇಡೀ ಮಂಡಳಿ ಕೇಳಿಸಿಕೊಳ್ಳುತ್ತಿರುವಾಗ, ಅಧ್ಯಕ್ಷರೇ ಖುದ್ದಾಗಿ ಕೇಳುತ್ತಿರುವಾಗ, ತೊಂದರೆ ಇದೆ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ?

“ತಾವಿದೀರಲ್ಲ ಸಾರ್, ಇಲ್ಲೇನೂ ತೊಂದ್ರೆ ಇಲ್ಲ. ನಡೀತೈತೆ.”

ಅಷ್ಟಕ್ಕೇ ಮುಗಿಯಿತು. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಬಿಸ್ಕತ್ತಿನ ತಟ್ಟೆ ನನ್ನ ಮುಂದೆಯೂ ಬಂತು. ಕೂಗಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಯಾರ ಮೇಲೆ ಕೂಗಾಡಲಿ? ಅಲ್ಲಿ ಯಾರೂ ಅವಳಿಗೆ ಕೆಟ್ಟದ್ದನ್ನು ಬಯಸಿದವರಿರಲಿಲ್ಲ. ಬಯಸಿದ್ದರೆ ಅವರನ್ನಾದರೂ ಶಪಿಸಿ ಹಗುರವಾಗುತ್ತಿದ್ದೆ.

ತಿಂಗಳ ಕೊನೆಗೆ ಅವಳ ಕೆಲಸ ಹೋಯಿತು. ನಕ್ಷೆಯಿಂದ ಅವಳನ್ನು ತೆಗೆಯುವ ಕೆಲಸ ನಿರ್ವಾಹಕಿಯಾದ ನನಗೇ ಬಂತು. ಬೇರೆ ಯಾವ ಚೌಕ ಅಳಿಸಹೋದರೂ ಇದನ್ನು ನೆಚ್ಚಿಕೊಂಡವು ಇಂಥಿಂಥವು, ಅಳಿಸುವುದು ಖಚಿತವೇ ಎಂದು ಸಾಫ್ಟ್‌ವೇರು ಕೇಳುತ್ತದೆ. ಅವಳದಕ್ಕೆ ಅದು ಏನನ್ನೂ ಕೇಳಲಿಲ್ಲ. ಒತ್ತಿದ ತಕ್ಷಣ ಮಾಯವಾಯಿತು.

ಹೊಳಲ್ಕೆರೆಯ ಪಾವತಿ ನಿಂತೇ ನಿಲ್ಲುತ್ತದೆ ಎಂದು ಆಮೇಲೆ ಕಾದೆ. ನಿಂತರೆ ಆಗಲಾದರೂ ಮಂಡಳಿಗೆ ಗೊತ್ತಾಗುತ್ತದೆ, ವಾಪಸ್ಸು ಕರೆಯುತ್ತಾರೆ ಎಂಬ ಆಸೆ ನನಗೆ. ಒಂದು ದಿನವೂ ನಿಲ್ಲಲಿಲ್ಲ. ಒಂದು ಹೆಸರೂ ತಪ್ಪಲಿಲ್ಲ. ನಕ್ಷೆ ಹೇಳಿದ್ದೇ ಸರಿ ಎಂದು ಮಂಡಳಿಯವರು ಹಿಗ್ಗಿದರು. ಹಿರಿಯೂರು, ಹೊಸದುರ್ಗದ ಹಂಗಾಮಿಗಳನ್ನೂ ಹೀಗೇ ನೋಡಿ ಪಟ್ಟಿ ಕೊಡಿ ಎಂದು ನನಗೆ ಹೇಳಿದರು. ನನಗೆ ತಲೆ ಕೆಟ್ಟಂತಾಗಿ, ಇಷ್ಟು ದಿನ ತಪ್ಪು ತಿಳಿದದ್ದು ನಾನೇ ಇರಬೇಕು ಎಂದು ಕೂಡ ಅನ್ನಿಸಿತು.

ಒಂದು ಮಧ್ಯಾಹ್ನ ಅವಳಿಗೆ ಫೋನು ಮಾಡಿದೆ. ಎಷ್ಟು ಸಲ ಮಾಡಿದರೂ ಬಿಜಿ ಬರುತ್ತಿತ್ತು. ಕೊನೆಗೆ ಅವಳೇ ತಿರುಗಿ ಮಾಡಿದಳು. ಇಷ್ಟು ಹೊತ್ತು ಯಾರ ಹತ್ತಿರ ಮಾತು ಎಂದು ಕೇಳಿದೆ. ಸಾಹೇಬರ ಹತ್ತಿರ ಎಂದಳು. ಅವರಿಗೆ ಹೆಸರು ಹೊಂದಿಸುವುದು ತಿಳಿಯುವುದಿಲ್ಲವಂತೆ. ದಿನವೂ ಊಟದ ಹೊತ್ತಿಗೆ ಪಟ್ಟಿಯನ್ನು ಅವಳ ಮೊಬೈಲಿಗೆ ಕಳಿಸುತ್ತಾರಂತೆ. ಇವಳು ತಾಳ್ಯದ ಮನೆಯಲ್ಲಿ ಕೂತು, ರೈತರಿಗೆ ತನ್ನ ಫೋನಿನಿಂದಲೇ ಕೇಳಿ, ಒಂದೊಂದಾಗಿ ಹೇಳಿ ಬರೆಸುತ್ತಾಳಂತೆ.

ಅವರು ಏನಾದರೂ ಕೊಡುತ್ತಾರಾ ಎಂದೆ. ಕೊಡಲು ಬಂದಿದ್ದರಂತೆ, ಇವಳೇ ಬೇಡವೆಂದಳಂತೆ. ನಿಲ್ಲಿಸಿಬಿಡು, ಒಂದೇ ವಾರ ನಿಲ್ಲಿಸು, ಅವರೇ ಕರೆಯುತ್ತಾರೆ ಎಂದು ಬೇಡಿಕೊಂಡೆ.

“ಪಾಪ, ಅವ್ರಿಗೆ ಮಾತು ಬರ್ತೈತಕ್ಕ. ನಾನು ಹೇಳ್ಕೊಡ್ತೀನಿ ಅಂತ ನೀವು ದುರ್ಗದಾಗೆ ಯಾರ ಮುಂದೂ ಅನ್ಬ್ಯಾಡ್ರಿ. ಎಲ್ಲಾ ಅವರೇ ಮಾಡ್ತಾರೆ ಅಂತಾನೇ ಇರ್ಲಿ.”

ಅಷ್ಟರಲ್ಲಿ ಅವಳಿಗೆ ಇನ್ನೊಂದು ಕರೆ ಬರತೊಡಗಿತು. ಸಾಹೇಬರದೇ ಇರಬೇಕು, ಇಡ್ತೀನಕ್ಕ ಎಂದು ಇಟ್ಟಳು.