ಪಕ್ಕದ ಕುರ್ಚಿಯವನ ಕಿಡ್ನಿ

ಮೊದಲು ಊದಿದ್ದು ಕಾಲು. ಸಂಜೆ ಸಾಕ್ಸ್ ಕಳಚಿದರೆ ಅದರ ಅಂಚು ಚರ್ಮದಲ್ಲಿ ಅಚ್ಚೊತ್ತಿರುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಬಾಯಲ್ಲಿ ತುಕ್ಕಿನ ರುಚಿ. ಊಟ ಸೇರದಾಯಿತು. ಮೈಯೆಲ್ಲ ತುರಿಕೆ. ಹೆಂಡತಿ ಸುಶೀಲಾ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಳು. ಡಾಕ್ಟರು ರಿಪೋರ್ಟನ್ನು ಮತ್ತೆ ಮತ್ತೆ ಓದಿದರು.

"ಅಂಕಲ್, ದೋನೋ ಕಿಡ್ನಿ ಕಾಮ್ ನಹೀಂ ಕರ್ ರಹೀ."

ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಹೀಗೆ ನಾನು ಡಯಾಲಿಸಿಸ್‌ಗೆ ಬಿದ್ದೆ. ಮಷೀನಿನ ಸೂಜಿ ಚುಚ್ಚಲು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ವಾರಕ್ಕೆ ಮೂರು ಸಲ ಮಷೀನು. ಕುಡಿಯುವ ನೀರಿಗೆ ಅಳತೆ. ಬಾಳೆಹಣ್ಣು, ಎಳನೀರು ಮುಟ್ಟುವ ಹಾಗಿಲ್ಲ. ಅದರಲ್ಲಿ ಪೊಟ್ಯಾಶಿಯಂ ಇದೆ, ಹೆಚ್ಚಾದರೆ ಎದೆ ನಿಂತುಹೋಗುತ್ತದೆ ಎಂದು ಮೊದಲ ದಿನವೇ ಹೇಳಿದ್ದರು.

ಪಕ್ಕದ ಕುರ್ಚಿಗೆ ಪ್ರಭುದಾಸ ಬಂದಾಗ, ಸುಳ್ಳೇಕೆ, ನನಗೆ ಸಂತೋಷವಾಯಿತು. ಇಬ್ಬರೂ ಬೆಟಗೇರಿಯವರು, ಇಬ್ಬರೂ ಒಂದೇ ಕನ್ನಡ ಕ್ರೈಸ್ತ ಸಭೆಯ ಹಿರಿಯರು. ನಾನು ವಡಾಲದಲ್ಲಿ, ಅವನು ಮುಲುಂಡ್‌ನಲ್ಲಿ. ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತು ಇಬ್ಬರೂ ನೀರಿನದೇ ಮಾತು ಆಡುತ್ತಿದ್ದೆವು.

"ಸ್ವರ್ಗದಾಗ ನಾ ಮೊದಲ ಕೇಳೂದು ಒಂದ ಕೊಡ ನೀರಲೇ," ಅನ್ನುತ್ತಿದ್ದೆ.

"ನಿನಗ ಅಲ್ಲಿ ಯಾರ ಕರೀತಾರ, ಎಲೀಯಾ?"

ಸಿಸ್ಟರ್ ನಕ್ಕು ಸುಮ್ಮನಿರಿಸುತ್ತಿದ್ದಳು. ಕಷ್ಟ ಸರಿಸಮವಾಗಿದ್ದಾಗ ಪ್ರೀತಿ ಎಷ್ಟು ಸುಲಭ.

ಆಮೇಲೆ ಅವನ ಹೆಂಡತಿ ಲೀಲಾಳ ಕಿಡ್ನಿ ಹೊಂದಿತು. ಸುಶೀಲಾ ಕೂಡ ಕೊಡಲು ಸಿದ್ಧಳಿದ್ದಳು. ಆದರೆ ಅವಳಿಗೆ ಶುಗರ್. ಡಾಕ್ಟರು ಆಗದು ಎಂದು ಕೈಯಾಡಿಸಿಬಿಟ್ಟರು. ಅವಳು ಕಾರಿಡಾರಿನಲ್ಲಿ ನಿಂತು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಲೀಲಾಳಂಥ ಗಟ್ಟಿ ಹೆಣ್ಣು ನನಗೇಕೆ ಸಿಗಲಿಲ್ಲ ಎಂದು ಯೋಚಿಸುತ್ತಿದ್ದೆ.

ಆಪರೇಷನ್ನಿನ ಮರುದಿನ ಭಾನುವಾರ. ಹೊಸ ಕಿಡ್ನಿ ಕೆಲಸ ಶುರುಮಾಡಿದೆ, ಪ್ರಭುದಾಸನಿಗೆ ಮೂತ್ರ ಚೆನ್ನಾಗಿ ಬರುತ್ತಿದೆ ಎಂದು ಸಭಾಪಾಲಕರು ಹೇಳಿದಾಗ ಎಲ್ಲರೂ ಕರ್ತನಿಗೆ ಸ್ತೋತ್ರ ಹೇಳಿದರು. ನನ್ನ ಬಾಯಿ ಮುಚ್ಚಿಯೇ ಇತ್ತು. ಇನ್ನೊಬ್ಬ ಗಂಡಸಿಗೆ ಮೂತ್ರ ಬಂತೆಂದು ನಾನು ಹೊಟ್ಟೆಕಿಚ್ಚು ಪಟ್ಟೆ. ಮನೆಗೆ ಬಂದು ಮಂಚದ ಪಕ್ಕದಲ್ಲಿ ಮೊಣಕಾಲೂರಿದೆ. ಉದ್ದ ಪ್ರಾರ್ಥನೆಗೆ ಸಭೆಯಲ್ಲಿ ಹೆಸರಾದವನು ನಾನು. ಅಂದು ಒಂದೇ ಮಾತು ಬೇಡಿದೆ.

ಆ ಕಿಡ್ನಿ ಕೆಡಲಿ.

ಆಮೇಲೂ ಹಲವು ಸಲ ಬೇಡಿದೆ. ಬೇಡಿ ಎದ್ದು, ಫೋನು ಮಾಡಿ ಅವನ ಆರೋಗ್ಯ ವಿಚಾರಿಸುತ್ತಿದ್ದೆ. 'ಚಲೋ ಅದೇನಪಾ' ಅನ್ನುತ್ತಿದ್ದ. ಆ ಮಾತು ಎದೆಗೆ ಚುಚ್ಚುತ್ತಿತ್ತು.

ಸುಗ್ಗಿ ಹಬ್ಬ ಬಂತು. ನಮ್ಮ ಸಭೆಯಲ್ಲಿ ಅಂದು ಪ್ರತಿ ಮನೆಯವರೂ ಒಂದು ಫಲ ತಂದು ದೇವರ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಲಿಲಾವು, ಅಂದರೆ ಹರಾಜು. ಲೀಲಾ ಎಳನೀರಿನ ಗೊನೆ ತಂದಿದ್ದಳು. ಪ್ರಭುದಾಸ ಮಾಸ್ಕ್ ಹಾಕಿಕೊಂಡು ದೂರದ ಕುರ್ಚಿಯಲ್ಲಿ ಕೂತಿದ್ದ. ಅವನ ಮೇಲಿನ ಪ್ರೀತಿಗೆ ಜನ ಕೂಗಿ ಕೂಗಿ ಬೆಲೆ ಏರಿಸಿದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ತಡೆಯಲಾಗಲಿಲ್ಲ. ಎಲ್ಲರಿಗಿಂತ ಮೇಲೆ ಕೂಗಿ ಗೊನೆಯನ್ನು ನಾನೇ ಹಿಡಿದೆ.

ಸುಶೀಲಾ ನನ್ನ ತೋಳು ಹಿಡಿದಳು. "ಏನ್ರೀ ಇದು? ನಿಮಗ ನೀರ ಕುಡಿಯಾಕ ಅಳತಿ ಐತಿ, ಎಳನೀರ ತಗೊಂಡ ಏನ್ ಮಾಡಾವ್ರು?"

"ಬಿಲ್ಡಿಂಗ್‌ನ ಮಂದಿಗೆ ಹಂಚ್ತೀನಿ ಬಿಡ."

ಆಕೆ ನಂಬಿದಳು. ಸಂಜೆ ಸ್ತ್ರೀಯರ ಕೂಟಕ್ಕೆ ಹೋದಳು. ನಾನು ಚೀಲದಲ್ಲಿ ಒಂದಷ್ಟು ಕಾಯಿ ಹಾಕಿಕೊಂಡು ಮೂಲೆಯ ಎಳನೀರಿನವನ ಹತ್ತಿರ ಹೋಗಿ ಕೆತ್ತಿಕೊಡು ಅಂದೆ. ಮನೆಯಿಂದಲೇ ಕಾಯಿ ತಂದರೆ ತನ್ನ ವ್ಯಾಪಾರ ಮುಚ್ಚಬೇಕೇ ಎಂದು ಅವನು ನಕ್ಕ.

"ಕ್ಯಾ ಚಾಚಾ, ಘರ್ ಸೇ ಮಾಲ್ ಲೇಕೆ ಆಯೇ? ಮೇರಾ ಧಂದಾ ಬಂದ್ ಕರೋಗೇ?"

ಫುಟ್‌ಪಾತಿನಲ್ಲೇ ನಿಂತು ಕುಡಿದೆ. ಒಂದಲ್ಲ. ಗಲ್ಲದ ಮೇಲೆ ಇಳಿಯುವಷ್ಟು ಕುಡಿದೆ. ಬಾಯಾರಿಕೆ ನಿಜ, ಆದರೆ ಬಾಯಾರಿಕೆಗಾಗಿ ಕುಡಿಯಲಿಲ್ಲ. ಪ್ರಭುದಾಸ ಈಗ ಬೇಕಾದಷ್ಟು ನೀರು ಕುಡಿಯುತ್ತಾನೆ, ಅವನ ಕಾಣಿಕೆಯನ್ನೇ ನಾನೂ ಬೇಕಾದಷ್ಟು ಕುಡಿಯುತ್ತೇನೆ, ಏನಾಗುತ್ತದೋ ಆಗಲಿ ಎಂಬ ಹಟ.

ಮನೆ ಮುಟ್ಟುವಷ್ಟರಲ್ಲಿ ತೊಡೆಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದೆ ಒಮ್ಮೆ ಬಡಿದು, ಆಮೇಲೆ ಬಡಿಯುವುದೋ ಬೇಡವೋ ಎಂದು ತಡೆಯುತ್ತಿತ್ತು. ನೆರೆಯವರು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಇಸಿಜಿ, ಇಂಜೆಕ್ಷನ್, ತುರ್ತು ಡಯಾಲಿಸಿಸ್. ಸುಶೀಲಾ ಬಂದಳು. ಅವಳು ಬೈಯಲಿಲ್ಲ.

"ನಾ ಒಬ್ಬಾಕಿನ ಉಳೀಲಿ ಅಂತ ಕುಡದ್ರೇನು?" ಅಂದಳು.



ಮುಂದಿನ ಭಾನುವಾರ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿತ್ತು. ಸಹೋದರನ ಮೇಲೆ ದ್ವೇಷ ಇಟ್ಟುಕೊಂಡು ಆ ಮೇಜಿಗೆ ಬರಬಾರದು, ಮೊದಲು ಹೋಗಿ ಒಂದಾಗಬೇಕು ಎಂದು ಹಿರಿಯನಾಗಿ ನಾನೇ ಎಷ್ಟೋ ಮಂದಿಗೆ ಹೇಳಿದ್ದೇನೆ. ಶನಿವಾರ ಹಾರ್ಬರ್ ಲೋಕಲ್ ರೈಲು ಹಿಡಿದು ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸಿ ಮುಲುಂಡ್‌ಗೆ ಹೋದೆ. ದಾರಿಯುದ್ದಕ್ಕೂ ಅವನು ಮನೆಯಲ್ಲಿ ಇರದಿರಲಿ ಅನ್ನಿಸುತ್ತಿತ್ತು.

ಇದ್ದ. ಕಿಟಕಿಯ ಪಕ್ಕ ಮಾಸ್ಕ್ ಹಾಕಿ ಕೂತಿದ್ದ. ನಾನು ಕುಳಿತುಕೊಳ್ಳದೆ ಹೇಳಿಬಿಟ್ಟೆ.

"ಪ್ರಭ್ಯಾ, ನಿನ್ನ ಕಿಡ್ನಿ ಕೆಡಲಿ ಅಂತ ಬೇಡ್ಕೊಂಡೇನಿ. ಮೊಣಕಾಲೂರಿ ಬೇಡ್ಕೊಂಡೇನಿ."

ಅವನು ಮಾಸ್ಕ್ ಸರಿಮಾಡಿಕೊಂಡ. "ಗೊತ್ತಿತ್ತೋ ಮಾರಾಯಾ. ಲಿಲಾವಿನ ದಿನ ನೀ ನನ್ನ ಮಾರಿ ನೋಡ್ಲಿಲ್ಲ, ಹೊಸ ಕಿಡ್ನಿ ಇಟ್ಟ ಹೊಟ್ಟಿನ ನೋಡ್ತಿದ್ದಿ. ಹೋಗ್ಲಿ ಬಿಡ. ನಿನ್ನ ಜಾಗಾದಾಗ ನಾ ಇದ್ರೂ ಹಂಗ."

ನನಗೆ ಹಗುರಾಯಿತು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಅಂದುಕೊಂಡೆ. ಆಗ ಅಡುಗೆಮನೆಯ ಬಾಗಿಲಿನಿಂದ ಲೀಲಾ ಮಾತಾಡಿದಳು.

"ಕ್ಷಮಾ ಮಾಡಾಕ ಅದು ಅವರದಲ್ಲ, ಎಲೀಯಣ್ಣಾ. ನಂದು."

ನಾನು ತಲೆಯೆತ್ತಿ ಅವಳನ್ನು ನೋಡಿದೆ. ಆ ಪ್ರಾರ್ಥನೆ ಮಾಡುವಾಗ ಒಮ್ಮೆಯೂ ಅವಳ ನೆನಪಾಗಿರಲಿಲ್ಲ. ಕೊಯ್ಯಿಸಿಕೊಂಡವಳು ಅವಳು. ಸೊಂಟ ಹಿಡಿದುಕೊಂಡು ನಡೆಯುವವಳು ಅವಳು. ನಾನು ಶಪಿಸಿದ್ದು ಅವಳ ಮೈಯ ತುಂಡನ್ನು.

"ತಪ್ಪಾತು, ತಂಗೀ."

"ತಪ್ಪಾತು ಅಂದ್ರ ಆಗಂಗಿಲ್ಲ. ಹೆಂಗ ಬೇಡ್ಕೊಂಡ್ರಿ, ಹಂಗ ಇಲ್ಲೆ ಊರ್ರಿ ಮೊಣಕಾಲು. ಉಲ್ಟಾ ಬೇಡ್ಕೊರ್ರಿ. ನಾ ಕೇಳ್ಬೇಕು."

"ಲೇ, ಇರ್ಲಿ ಬಿಡ," ಅಂದ ಪ್ರಭುದಾಸ.

"ನೀವು ಸುಮ್ನಿರ್ರಿ."

ಫರಸಿ ನೆಲದ ಮೇಲೆ ಮೊಣಕಾಲೂರಿದೆ. ಸಭೆಯಲ್ಲಿ ಧಾರಾಳವಾಗಿ ಹರಿಯುತ್ತಿದ್ದ ಮಾತು ಅಂದು ಬರಲಿಲ್ಲ. ಬಹಳ ಹೊತ್ತಿನ ಮೇಲೆ, "ಕರ್ತನೇ, ಲೀಲಾ ಕೊಟ್ಟದ್ದನ್ನು ಕಾಪಾಡು" ಎಂದಷ್ಟೇ ಬಂತು. ಅದು ನಿಜವಾಗಿಯೂ ಬೇಡಿದ ಮಾತೋ, ಅವಳಿಗೆ ಹೆದರಿ ಆಡಿದ ಮಾತೋ, ಇಂದಿಗೂ ತಿಳಿಯದು. ಲೀಲಾ ಕೂಡಲೇ ಆಮೆನ್ ಅನ್ನಲಿಲ್ಲ. ನಾನು ಕಾದೆ. ಆಮೇಲೆ ಅಂದಳು. ಏಳಲು ಆಗದೆ ಒದ್ದಾಡುತ್ತಿದ್ದಾಗ ಪ್ರಭುದಾಸ ಕೈ ಕೊಟ್ಟ.

ಮರುದಿನ ಕರ್ತನ ಮೇಜಿಗೆ ಹೋದೆ.

ಹೊಟ್ಟೆಕಿಚ್ಚು ಗುಣವಾಗಿದೆ ಎಂದು ಹೇಳಲಾರೆ. ಮಷೀನು ನಡೆದಿದೆ, ಸುಶೀಲಾ ನನ್ನ ಜೊತೆ ಇದ್ದಾಳೆ, ಅಷ್ಟಕ್ಕೆ ಸ್ತೋತ್ರ. ಮೊನ್ನೆ ಪ್ರಭುದಾಸನ ಕುರ್ಚಿಗೆ ಹೊಸಬನೊಬ್ಬ ಬಂದ, ನಾಸಿಕದ ಕಡೆಯ ಹುಡುಗ. ಮುಂದಿನ ತಿಂಗಳು ಅಕ್ಕ ಕಿಡ್ನಿ ಕೊಡುತ್ತಾಳೆ ಎಂದು ಖುಷಿಯಿಂದ ಹೇಳಿದ. ನನ್ನ ಎದೆಯಲ್ಲಿ ಹಳೆಯ ಉರಿ ಎದ್ದಿತು. ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವನ ಕಡೆ ಹೊರಳಿದೆ.

"ದೀದೀ ಕಾ ನಾಮ್ ಕ್ಯಾ ಹೈ, ಬೇಟಾ?" ಎಂದು ಅವನ ಅಕ್ಕನ ಹೆಸರು ಕೇಳಿದೆ, ಪ್ರಾರ್ಥನೆಯಲ್ಲಿ ಹೇಳಲು.